ಅರ್ಜಿ ಐದು ಪುಟ, ತಯಾರಿ ಒಂದು ವರ್ಷ

ಬೆಲ್ಜಿಯಂನ ಒಂದು ವಿಶ್ವವಿದ್ಯಾಲಯದ ಗ್ರಾಂಟ್ ಆಫೀಸಿನಲ್ಲಿ ನನ್ನ ಕೆಲಸ. ಊರಿಗೆ ಹೋದಾಗ ಯಾರಾದರೂ ಕೇಳಿದರೆ 'ಬೇರೆಯವರ ಅರ್ಜಿ ಓದೋದು' ಎನ್ನುತ್ತೇನೆ. ಅದು ಸುಳ್ಳೇನಲ್ಲ.

ಬೆಂಗಳೂರಿನ ಹುಡುಗ ಹುಡುಗಿಯರಿಂದ ಆಗಾಗ ಒಂದೇ ಪ್ರಶ್ನೆ ಬರುತ್ತದೆ: 'ಯಾವ ಯೂನಿವರ್ಸಿಟಿ ಹೆಸರು ಹಾಕಿದರೆ ಇಆರ್‌ಸಿ ಗ್ರಾಂಟ್ ಸಿಗುತ್ತದೆ?' ಇಆರ್‌ಸಿ ಅಂದರೆ ಯುರೋಪಿಯನ್ ರಿಸರ್ಚ್ ಕೌನ್ಸಿಲ್, ಸಂಶೋಧನೆಗೆ ಹಣ ಕೊಡುವ ಯುರೋಪಿಯನ್ ಒಕ್ಕೂಟದ ಸಂಸ್ಥೆ. 2007ರಲ್ಲಿ ಶುರುವಾಯಿತು. ವೃತ್ತಿಯ ಆರಂಭದಲ್ಲಿರುವ ಸಂಶೋಧಕರಿಗೆಂದೇ ಇರುವ ಅದರ ಸ್ಟಾರ್ಟಿಂಗ್ ಗ್ರಾಂಟ್ ಐದು ವರ್ಷಕ್ಕೆ 15 ಲಕ್ಷ ಯೂರೋವರೆಗೆ ಕೊಡುತ್ತದೆ. ಯಾವ ದೇಶದವರೂ ಅರ್ಜಿ ಹಾಕಬಹುದು, ಆದರೆ ಕೆಲಸ ಯುರೋಪಿನ ಸಂಸ್ಥೆಯೊಂದರಲ್ಲಿ ಮಾಡಬೇಕು. ಸಂಸ್ಥೆಯ ಹೆಸರಿಗೆ ಅಂಕವಿಲ್ಲ. ನೋಡುವುದು ಐಡಿಯಾ ಎಷ್ಟು ಗಟ್ಟಿ, ಬರೆದವರು ಅದನ್ನು ಮಾಡಬಲ್ಲರೇ ಎಂಬುದನ್ನು ಮಾತ್ರ.

ಹಾಗಿದ್ದರೂ ಕೆಲವೇ ಸಂಸ್ಥೆಗಳು ಮತ್ತೆ ಮತ್ತೆ ಗೆಲ್ಲುತ್ತವಲ್ಲ, ಅದು ಹೇಗೆ? ಅರ್ಧ ಉತ್ತರ ನೇಮಕಾತಿಯಲ್ಲಿದೆ. ವಿಯೆನ್ನಾ ಪಕ್ಕದ ಕ್ಲೊಸ್ಟರ್‌ನ್ಯೂಬರ್ಗ್‌ನಲ್ಲಿ 2009ರಲ್ಲಿ ಶುರುವಾದ ಸಂಶೋಧನಾ ಸಂಸ್ಥೆ ಐಎಸ್‌ಟಿಎ, ಸಂಶೋಧಕರನ್ನು ನೇಮಿಸಿಕೊಳ್ಳಲೆಂದೇ ಇರುವ ಸ್ಪೇನಿನ ಕ್ಯಾಟಲೋನಿಯಾದ ಐಕ್ರಿಯಾ, ಎರಡೂ ಹೊರದೇಶದ ಒಳ್ಳೆಯ ಸಂಶೋಧಕರನ್ನು ಹುಡುಕಿ ಕರೆತಂದವು. ಹಣ ಅವರ ಹಿಂದೆಯೇ ಬಂತು. ಇದು ಎಲ್ಲರಿಗೂ ಗೊತ್ತಿರುವ ಮಾತು, ದುಡ್ಡಿದ್ದರೆ ಮಾಡಬಹುದು.

ಉಳಿದರ್ಧ ಅಷ್ಟು ಖರ್ಚಿಲ್ಲದ್ದು, ಆದರೂ ಮಾಡುವವರು ಕಡಿಮೆ. ಮೊದಲ ಹಂತದಲ್ಲಿ ಪರೀಕ್ಷಕರ ತಂಡ ನೋಡುವುದು 'ಬಿ1' ಎಂಬ ಭಾಗವನ್ನಷ್ಟೇ. ಯೋಜನೆಯ ಸಾರಾಂಶಕ್ಕೆ ಅದರಲ್ಲಿ ಐದು ಪುಟ. ತಂಡದಲ್ಲಿ ನಿಮ್ಮದೇ ಸಣ್ಣ ವಿಷಯ ಬಲ್ಲವರು ಒಬ್ಬರೂ ಇಲ್ಲದಿರಬಹುದು. ಅದಕ್ಕೇ ನಾವು ಬೇರೆ ವಿಭಾಗದವರ ಕೈಗೆ ಅರ್ಜಿ ಕೊಡುತ್ತೇವೆ. ಒಮ್ಮೆ ಮಣ್ಣಿನ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವವರ ಅರ್ಜಿಯನ್ನು ರಸಾಯನಶಾಸ್ತ್ರದ ಹಿರಿಯರೊಬ್ಬರಿಗೆ ಕೊಟ್ಟೆವು. ಮೂರನೇ ಪುಟದ ಕೊನೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಬರೆದಿದ್ದರು: 'ಓಹೋ, ಇದಾ ನಿಮ್ಮ ಪ್ರಶ್ನೆ? ಇಲ್ಲೀತನಕ ಎಲ್ಲಿತ್ತು?' ಅರ್ಜಿ ಬರೆದವರಿಗೆ ಎರಡು ದಿನ ಸಿಟ್ಟು. ಆಮೇಲೆ ಆ ಸಾಲು ಮೊದಲ ಪುಟಕ್ಕೆ ಬಂತು.

ಇಂಥ ಓದಿಗೆ ಸಮಯ ಬೇಕು. ಪಾಠ, ಪರೀಕ್ಷೆ, ಮೀಟಿಂಗ್ ಎಲ್ಲ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬರೆದ ಅರ್ಜಿ ಓದಿದ ಕೂಡಲೇ ಗೊತ್ತಾಗುತ್ತದೆ. ಒಂದು ಸೆಮಿಸ್ಟರ್ ಪಾಠದ ಹೊರೆ ಇಳಿಸುವ ವಿಭಾಗಗಳಿಂದ ಬರುವ ಅರ್ಜಿಗಳೇ ಬೇರೆ. ನನ್ನ ಮಟ್ಟಿಗೆ ಗ್ರಾಂಟ್ ಆಫೀಸಿಗೆ ಇನ್ನೊಬ್ಬರನ್ನು ಸೇರಿಸುವುದಕ್ಕಿಂತ ಇದೇ ಮೇಲು. (ನನ್ನ ಬಾಸ್ ಇದನ್ನು ಓದಲಾರರು, ಪುಣ್ಯ.)

ಎರಡನೇ ಹಂತ ಸಂದರ್ಶನ. ಮಾತಾಡಲು ಕೆಲವೇ ನಿಮಿಷ, ಆಮೇಲೆ ಪ್ರಶ್ನೆಗಳ ಮಳೆ. ನಾವು ಖಾಲಿ ಕ್ಲಾಸ್‌ರೂಮಿನಲ್ಲಿ ಟೈಮರ್ ಇಟ್ಟು ಅಣಕು ಸಂದರ್ಶನ ಮಾಡುತ್ತೇವೆ. ಹಿಂದೆ ಗ್ರಾಂಟ್ ಗೆದ್ದವರು, ಸೋತವರು ಇಬ್ಬರೂ ಕೂರುತ್ತಾರೆ. ಸೋತವರ ಪ್ರಶ್ನೆಗಳೇ ಜಾಸ್ತಿ ಚೂಪು.

ಇನ್ನೊಂದು ವಿಷಯದಲ್ಲಿ ನನಗೂ ಮೇಲಿನವರಿಗೂ ಜಗಳವಿದೆ. ಅವರಿಗೆ ಈ ವರ್ಷ ಎಷ್ಟು ಅರ್ಜಿ ಹೋದವು ಎಂಬ ಲೆಕ್ಕ ಬೇಕು. ಆದರೆ ಮೊದಲ ಹಂತದಲ್ಲೇ ಎಲ್ಲಕ್ಕಿಂತ ಕೆಳಗಿನ ದರ್ಜೆ 'ಸಿ' ಬಂದರೆ ಮುಂದಿನ ಕೆಲವು ವರ್ಷ ಆ ವ್ಯಕ್ತಿ ಮತ್ತೆ ಅರ್ಜಿ ಹಾಕುವಂತಿಲ್ಲ. ಸುಮ್ನೆ ಲೆಕ್ಕ ತುಂಬಿಸಲು ಹಸಿ ಅರ್ಜಿ ಕಳಿಸಿದರೆ ನಷ್ಟ ಆಫೀಸಿಗಲ್ಲ, ಅರ್ಜಿ ಹಾಕಿದ ಹುಡುಗಿಗೆ ಅಲ್ವಾ? 'ಈ ವರ್ಷ ಬೇಡ' ಎಂದು ಹೇಳುವುದೂ ನನ್ನ ಕೆಲಸವೇ.

ಸ್ಟಾರ್ಟಿಂಗ್ ಗ್ರಾಂಟ್‌ನ ಕೊನೆಯ ದಿನ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬರುತ್ತದೆ. ನಿಮ್ಮ ಮೇಲ್ ಸೆಪ್ಟೆಂಬರ್ ಕೊನೆಗೆ ಬಂದರೆ ಸಂಸ್ಥೆಯ ಒಪ್ಪಿಗೆ ಪತ್ರ ಕೊಡಿಸಬಹುದೇನೋ. ಕೆಂಪು ಪೆನ್ನಿನವರನ್ನು ಕೊಡಿಸಲು ಆಗದು. ಸಂಕ್ರಾಂತಿ ಮುಗಿದ ಮೇಲೆ ಬರೆಯಿರಿ.