ಗೋನಿಯೋಮೀಟರ್: ಹರಳಿನ ಕೋನ ಅಳೆಯಲು ಅರ್ಧ ಡಿಗ್ರಿ ಯಾಕೆ ಸಾಲಲಿಲ್ಲ?

ಒಂದೇ ಖನಿಜದ ಎರಡು ಹರಳು ನೋಡಿ. ಒಂದು ಉದ್ದ, ಇನ್ನೊಂದು ಮೋಟು. ಮುಖಗಳ ಗಾತ್ರ, ಆಕಾರ ಎಲ್ಲ ಬೇರೆ. ಆದರೆ ಅವೇ ಎರಡು ಮುಖಗಳ ನಡುವಿನ ಕೋನ ಮಾತ್ರ ಬದಲಾಗುವುದಿಲ್ಲ. ಕ್ವಾರ್ಟ್ಸ್‌ನಲ್ಲಿ ಇದನ್ನು ಡೆನ್ಮಾರ್ಕಿನ ಸ್ಟೆನೊ 1669ರಲ್ಲೇ ಬರೆದಿಟ್ಟಿದ್ದರು. ಬೇರೆ ಬೇರೆ ಖನಿಜಗಳಲ್ಲಿ ಅಳೆದು ಇದನ್ನು ನಿಯಮ ಅಂತ 1783ರಲ್ಲಿ ನಿಲ್ಲಿಸಿದವರು ಫ್ರಾನ್ಸಿನ ರೋಮೆ ದ ಲೀಲ್.

ಅಳೆಯುವ ಸಾಧನ ಹುಟ್ಟಿದ್ದೂ ಅವರ ಕೆಲಸದಿಂದಲೇ. ಅವರಿಗಾಗಿ ಹರಳುಗಳ ಮಣ್ಣಿನ ಮಾದರಿ ಮಾಡುತ್ತಿದ್ದ ಕರಾಂಜೊ ಅವರಿಗೆ ಕೋನ ಸರಿಯಾಗಿ ಬೇಕಿತ್ತು. ಅದಕ್ಕೇ ಹೊಳೆದದ್ದು ಸಂಪರ್ಕ ಗೋನಿಯೋಮೀಟರ್. ಅರ್ಧವೃತ್ತದ ಕೋನಮಾಪಕ, ಅದಕ್ಕೆ ಎರಡು ತೋಳು, ಅಷ್ಟೇ. ತೋಳುಗಳನ್ನು ಎರಡು ಮುಖಗಳಿಗೆ ಒತ್ತಿ ಹಿಡಿದು ಕೋನ ಓದಬೇಕು. ಹರಳು ದೊಡ್ಡದಿರಬೇಕು. ಎಷ್ಟು ಜೋಪಾನ ಮಾಡಿದರೂ ಸುಮಾರು ಅರ್ಧ ಡಿಗ್ರಿ ಆಚೀಚೆ ಆಗುತ್ತದೆ.

ಅರ್ಧ ಡಿಗ್ರಿ ತಾನೇ, ಏನು ಮಹಾ ಅನ್ನಿಸುತ್ತದೆ ಅಲ್ವಾ? ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಕತೆ ಕೇಳಿ. ಅದು ಒಡೆದಾಗ ಓರೆಯಾದ ಪೆಟ್ಟಿಗೆಯಂಥ ತುಂಡುಗಳಾಗುತ್ತದೆ. ಆ ಮುಖಗಳು ಹರಳಿನ ಅಕ್ಷಕ್ಕೆ ಸರಿಯಾಗಿ 45° ಓರೆ ಇವೆ ಅಂತ ಫ್ರಾನ್ಸಿನ ಹರಳು ವಿಜ್ಞಾನಿ ರೆನೆ ಅಯುಯಿ ಇಟ್ಟುಕೊಂಡರು. ಹಾಗಿದ್ದರೆ ಪಕ್ಕದ ಎರಡು ಮುಖಗಳ ಲಂಬರೇಖೆಗಳ (ಮುಖಕ್ಕೆ ನೆಟ್ಟಗೆ ನಿಲ್ಲುವ ಗೆರೆಗಳ) ನಡುವಿನ ಕೋನದ ಕೊಸೈನ್ 1/4. ಕೋನ ಸುಮಾರು 75°31′20″ (′ ಅಂದರೆ ನಿಮಿಷ, ಡಿಗ್ರಿಯ ಅರವತ್ತನೇ ಒಂದು ಭಾಗ; ″ ಅಂದರೆ ಸೆಕೆಂಡು, ನಿಮಿಷದ ಅರವತ್ತನೇ ಒಂದು ಭಾಗ). ಅದನ್ನು 180°ಯಿಂದ ಕಳೆದರೆ ಮುಖಗಳ ನಡುವಿನ ಕೋನ 104°28′40″. ಲೆಕ್ಕ ಚೆಂದವಾಗಿದೆ, ಸಂಪರ್ಕ ಗೋನಿಯೋಮೀಟರ್ ಅದನ್ನು ತಪ್ಪು ಅನ್ನುವಷ್ಟು ಸೂಕ್ಷ್ಮವೂ ಅಲ್ಲ.

1809ರಲ್ಲಿ ಇಂಗ್ಲೆಂಡಿನ ವುಲಾಸ್ಟನ್ ಬೆಳಕಿನಿಂದ ಅಳೆಯುವ ಉಪಕರಣ ತಂದರು. (ಪಲ್ಲೇಡಿಯಮ್, ರೋಡಿಯಮ್ ಕಂಡುಹಿಡಿದವರೂ ಇವರೇ.) ಹರಳನ್ನು ಮೇಣದಿಂದ ಅಂಟಿಸಿ, ಎರಡು ಮುಖ ಸೇರುವ ಅಂಚು ತಿರುಗುವ ಅಕ್ಷದ ನೇರಕ್ಕೆ ಬರುವಂತೆ ಕೂರಿಸಬೇಕು. ಮೊದಲ ಮುಖದಲ್ಲಿ ಕಿಟಕಿ ಸರಳಿನ ಪ್ರತಿಬಿಂಬ ಎಲ್ಲಿ ಕಾಣುತ್ತದೆ ಅಂತ ಗುರುತಿಟ್ಟುಕೊಳ್ಳಬೇಕು. ಆಮೇಲೆ ಎರಡನೇ ಮುಖದಲ್ಲೂ ಅದು ಅದೇ ಜಾಗಕ್ಕೆ ಬರುವವರೆಗೆ ತಿರುಗಿಸಬೇಕು. ಎಷ್ಟು ತಿರುಗಿತು ಅನ್ನುವುದನ್ನು ವರ್ನಿಯರ್ ಎಂಬ ಸೂಕ್ಷ್ಮ ಅಳತೆಪಟ್ಟಿಯಲ್ಲಿ ಓದಬೇಕು. ಮುಖ ಕನ್ನಡಿಯಂತೆ ಹೊಳೆದರೆ ಸಾಕು, ಹರಳು ಚಿಕ್ಕದಾದರೂ ನಡೆಯುತ್ತದೆ. ಚಿಕ್ಕ ಹರಳಿನ ಮುಖಗಳೇ ಜಾಸ್ತಿ ನಯ ಇರುವುದರಿಂದ ಅದು ಲಾಭವೇ.

ಒಂದು ಎಚ್ಚರಿಕೆ. ತಿರುಗಿದ ಕೋನ ಅಂದರೆ ಲಂಬರೇಖೆಗಳ ನಡುವಿನ ಕೋನ, ಮುಖಗಳ ನಡುವಿನದಲ್ಲ. ಕ್ಯಾಲ್ಸೈಟ್‌ಗೆ 74°55′ ತಿರುಗಿಸಬೇಕು, ಒಳಕೋನ 105°5′. ಪುಸ್ತಕಗಳಲ್ಲಿ ಎರಡೂ ಸಂಖ್ಯೆ ಕಾಣುತ್ತವೆ, ಯಾವುದು ಅಂತ ನೋಡಿಕೊಂಡೇ ಮುಂದಕ್ಕೆ ಹೋಗಿ.

ಅಯುಯಿ ಲೆಕ್ಕಕ್ಕೂ ಈ ಅಳತೆಗೂ 36 ನಿಮಿಷಕ್ಕಿಂತ ತುಸು ಜಾಸ್ತಿ ಅಂತರ. ಅವರು ತಮ್ಮ ಸಂಖ್ಯೆ ಬಿಟ್ಟುಕೊಡಲಿಲ್ಲ. ಆದರೆ 1812ರಲ್ಲಿ ವುಲಾಸ್ಟನ್ ಮೂರು ಕಾರ್ಬೊನೇಟ್ ಖನಿಜಗಳನ್ನು ಪಕ್ಕಪಕ್ಕ ಇಟ್ಟರು: ಕ್ಯಾಲ್ಸೈಟ್ (ಕ್ಯಾಲ್ಸಿಯಂನದು) 105°5′, ಡಾಲೊಮೈಟ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡರದ್ದು) 106°15′, ಸಿಡೆರೈಟ್ (ಕಬ್ಬಿಣದ್ದು) 107°. ನೋಡಲು ಒಂದೇ ಆಕಾರ, ಕೋನ ಮಾತ್ರ ಬೇರೆ. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ: ಒಳಗಿನ ರಾಸಾಯನಿಕ ವ್ಯತ್ಯಾಸ ಹೊರಗಿನ ಒಂದೆರಡು ಡಿಗ್ರಿಯಲ್ಲಿ ಕಾಣಿಸಿಕೊಂಡಿತು.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಉಪ್ಪು, ಗೆಲಿನಾ (ಸೀಸದ ಅದಿರು) ಎರಡೂ ಘನಾಕೃತಿಯಲ್ಲಿ ಒಡೆಯುತ್ತವೆ, ಎರಡಕ್ಕೂ ಸರಿಯಾಗಿ 90°. ಅಲ್ಲಿ ಸಾಂದ್ರತೆಯಂಥ ಬೇರೆ ಗುಣಗಳನ್ನೇ ನೋಡಬೇಕು.