ಅಕೂಸ್ಟಿಕ್ ನ್ಯೂರೋಮಾ: ಎರಡು ಪದ, ಎರಡೂ ತಪ್ಪು

‘ಒಳಕಿವಿಯ ಕ್ಯಾನ್ಸರ್’ ಎಂದು ಬರೆದು ಪಕ್ಕದಲ್ಲೇ ‘ಅಕೂಸ್ಟಿಕ್ ನ್ಯೂರೋಮಾ’ ಎಂದು ಸೇರಿಸಿದ್ದನ್ನು ಈ ವಾರ ಮತ್ತೆ ಓದಿದೆ. ಈ ಗಡ್ಡೆ ಕ್ಯಾನ್ಸರ್ ಅಲ್ಲ. ಮೈಯ ಬೇರೆಡೆಗೆ ಹರಡುವುದಿಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಸ್ಕ್ಯಾನ್ ವರದಿ ಹಿಡಿದು ಕೂತ ಮನೆಯವರನ್ನು ಇಂಥ ಒಂದು ಪದ ಸುಮ್ಮನೆ ನಡುಗಿಸುತ್ತದೆ.

ವೈದ್ಯರ ಹಳೆಯ ಹೆಸರೂ ಸರಿಯಿಲ್ಲ. ಗ್ರೀಕ್ ಮೂಲ ಹಿಡಿದರೆ ಅಕೂಸ್ಟಿಕ್ ಎಂದರೆ ಕೇಳುವುದಕ್ಕೆ ಸೇರಿದ್ದು, ‘ನ್ಯೂರಾನ್’ ಎಂದರೆ ನರ, ‘ಓಮಾ’ ಎಂದರೆ ಗಡ್ಡೆ. ಆದರೆ ಇದು ಹುಟ್ಟುವುದು ಕೇಳುವ ನರದಲ್ಲಲ್ಲ, ಅದಕ್ಕೆ ಅಂಟಿಕೊಂಡೇ ಸಾಗುವ ಸಮತೋಲನದ ನರದಲ್ಲಿ. ಅಲ್ಲೂ ನರದ ಎಳೆಯಿಂದಲ್ಲ, ಎಳೆಗೆ ಹೊದಿಕೆ ಸುತ್ತುವ ಶ್ವಾನ್ ಕೋಶಗಳಿಂದ. ಪ್ರಾಣಿಗಳ ಮೈಯೆಲ್ಲ ಕೋಶಗಳಿಂದಾದದ್ದು ಎಂದು 1839ರಲ್ಲಿ ಬರೆದ ಜರ್ಮನಿಯ ಥಿಯೊಡೋರ್ ಶ್ವಾನ್ ಹೆಸರು ಅದು. 1991ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು ಇದನ್ನು ‘ವೆಸ್ಟಿಬ್ಯುಲರ್ ಶ್ವಾನೋಮಾ’ ಎಂದೇ ಕರೆಯಬೇಕೆಂದಿತು. ಲ್ಯಾಟಿನ್ನಿನ ವೆಸ್ಟಿಬ್ಯುಲಂ ನಮ್ಮ ಮೊಗಸಾಲೆ. ಒಳಕಿವಿಯ ನಡುಕೋಣೆಗೆ ಆ ಹೆಸರಿದೆ, ಸಮತೋಲನದ ನರಕ್ಕೂ ಅದರಿಂದಲೇ ಹೆಸರು. ಎಷ್ಟು ಚೆಂದದ ಪದ!

‘ಒಳಕಿವಿಯ ಗಡ್ಡೆ’ ಎನ್ನುವುದೂ ಸಡಿಲ ಮಾತೇ. ಇದರ ಜಾಗ ಒಳಕಿವಿಯಿಂದ ಮಿದುಳಿಗೆ ಹೋಗುವ ಎಲುಬಿನ ಕಾಲುವೆ. ಒಳಕಿವಿಯೊಳಗೇ ಹುಟ್ಟುವ ಶ್ವಾನೋಮಾ ಇನ್ನೂ ಅಪರೂಪ. ಅದನ್ನು ತಲೆಸುತ್ತು, ಕಿವಿಮಂದ ತರುವ ಒಳಕಿವಿಯ ಬೇರೊಂದು ತೊಂದರೆಯಾದ ಮೆನಿಯರ್ ಕಾಯಿಲೆ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿಸಿದ್ದೂ ಉಂಟು.

ಸಮತೋಲನದ ನರ ಕೆಟ್ಟರೆ ತಲೆಸುತ್ತೇ ಮೊದಲು ಬರಬೇಕಲ್ಲ? ಬರುವುದು ಕಡಿಮೆ. ಗಡ್ಡೆ ನಿಧಾನವಾಗಿ ಬೆಳೆಯುವುದರಿಂದ ಮಿದುಳು ಇನ್ನೊಂದು ಕಿವಿಯನ್ನು ನಂಬಿ ಹೊಂದಿಕೊಂಡಿರುತ್ತದೆ. ಕಾಣುವುದು ಬೇರೆ: ಬಲಗಿವಿಗೆ ಹಿಡಿದ ಫೋನನ್ನು ಮಾತಿನ ನಡುವೆ ಎಡಗಿವಿಗೆ ದಾಟಿಸುತ್ತಾರೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹೀಗೆ ಒಂದೇ ಕಿವಿ ಮಂದವಾಗಿ, ಅದರಲ್ಲೇ ಗುಂಯ್‌ಗುಡುತ್ತಿದ್ದರೆ ‘ವಯಸ್ಸಾಯ್ತು’ ಎಂದು ಬಿಡಬಾರದು. ಶ್ರವಣ ಪರೀಕ್ಷೆ, ಆಮೇಲೆ ಗಡ್ಡೆಯನ್ನು ಎದ್ದು ಕಾಣಿಸುವ ಗ್ಯಾಡೋಲಿನಿಯಂ ಮದ್ದು ಚುಚ್ಚಿ ಎಂಆರ್‌ಐ ಆಗಬೇಕು. ಎರಡೂ ಕಡೆ ಗಡ್ಡೆಯಿದ್ದರೆ 22ನೇ ವರ್ಣತಂತುವಿನ ದೋಷದಿಂದ ಬರುವ, ನರಗಳ ಮೇಲೆ ಗಡ್ಡೆ ಬೆಳೆಸುವ ಎನ್‌ಎಫ್2 (ನ್ಯೂರೋಫೈಬ್ರೊಮಟೋಸಿಸ್ 2) ಎಂಬ ಕಾಯಿಲೆ ಇರಬಹುದು.

ಚಿಕ್ಕದಿದ್ದರೆ ಸ್ಕ್ಯಾನ್ ಮಾಡುತ್ತ ಕಾಯುತ್ತಾರೆ. ದೊಡ್ಡದಾಗಿ ಮಿದುಳಿನ ಕಾಂಡವನ್ನು ಒತ್ತಿದರೆ ಶಸ್ತ್ರಚಿಕಿತ್ಸೆ. ಪಕ್ಕದಲ್ಲೇ ಮುಖದ ನರ ಹಾದುಹೋಗುವುದರಿಂದ ಅದು ನಾಜೂಕಿನ ಕೆಲಸ. ನಡುವಿನ ದಾರಿ ಗಾಮಾ ನೈಫ್. ಹೆಸರಿನಲ್ಲಿ ಚಾಕುವಿದ್ದರೂ ಅಲ್ಲಿ ಕೊಯ್ಯುವುದಿಲ್ಲ, ಸುಮಾರು 200 ಸಣ್ಣ ಕಿರಣಗಳನ್ನು ಒಂದೇ ಬಿಂದುವಿಗೆ ಸೇರಿಸುತ್ತಾರೆ. ಮುಂದಿನ ವರ್ಷದ ಸ್ಕ್ಯಾನಿನಲ್ಲಿ ಗಡ್ಡೆ ಇನ್ನೂ ಕಂಡರೆ ಚಿಕಿತ್ಸೆ ಸೋತಿತೆಂದಲ್ಲ. ಅದು ಬೆಳೆಯದೆ ನಿಂತಿದೆಯೇ ಎಂದು ನೋಡಬೇಕು.