ಸರತಿಯಲ್ಲಿ ನಿಂತ ಪ್ಯಾಕೆಟ್

ಪದವಿ ತರಗತಿಯಲ್ಲಿ ಕಂಪ್ಯೂಟರ್ ಜಾಲಗಳನ್ನು ಓದಿ ಬಂದವರಿಗೆ ಜಾಲದ ಕೆಲಸವನ್ನು ಹಂಚಿಕೊಂಡ ಏಳು ಪದರಗಳ ಹೆಸರು ಕಂಠಪಾಠವಾಗಿರುತ್ತದೆ. ಜಾಲದಲ್ಲಿ ಸಾಗುವ ದತ್ತಾಂಶದ ಪುಟ್ಟ ಕಟ್ಟಾದ ಐಪಿ ಪ್ಯಾಕೆಟ್ಟಿನ ತಲೆಯಲ್ಲಿ ಎಷ್ಟನೆಯ ಬಿಟ್ ಏನನ್ನು ಸೂಚಿಸುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಿಬಿಡುತ್ತಾರೆ. ನಾನೂ ಆ ಹುಮ್ಮಸ್ಸಿನಲ್ಲೇ ಸ್ನಾತಕೋತ್ತರ ತರಗತಿಗೆ ಸೇರಿದೆ. ಮೊದಲ ವಾರ ಪ್ರಾಧ್ಯಾಪಕರು ಹಲಗೆಯ ಮೇಲೆ ಒಂದು ಚೌಕ ಬರೆದರು. ಒಳಬರುವ ಬಾಣ ಒಂದು, ಹೊರಹೋಗುವ ಬಾಣ ಒಂದು. "ಇದು ರೂಟರ್, ಪ್ಯಾಕೆಟ್‌ಗಳನ್ನು ಮುಂದಿನ ದಾರಿಗೆ ದಾಟಿಸುವ ಯಂತ್ರ. ಇದರ ಸಾಮರ್ಥ್ಯದ ಅರ್ಧದಷ್ಟು ಮಾತ್ರ ದತ್ತಾಂಶ ಬರುತ್ತಿದೆ. ಆದರೂ ಒಳಗೆ ಪ್ಯಾಕೆಟ್‌ಗಳು ಕಾಯುತ್ತಾ ನಿಂತಿವೆ. ಏಕೆ?"

ಯಾರೂ ಬಾಯಿ ಬಿಡಲಿಲ್ಲ. ಏಳು ಪದರಗಳಲ್ಲಿ ಯಾವುದನ್ನು ಕೆದಕಿದರೂ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ.

ಕಾರಣ ಬಹಳ ಸಣ್ಣದು. ಪ್ಯಾಕೆಟ್‌ಗಳು ಅಳೆದಿಟ್ಟ ಅಂತರದಲ್ಲಿ ಬರುವುದಿಲ್ಲ. ಬಂದರೆ ಹಿಂಡಾಗಿ ಬರುತ್ತವೆ, ಇಲ್ಲದಿದ್ದರೆ ಸುಳಿವೇ ಇರುವುದಿಲ್ಲ. ಕೆಲಸವಿಲ್ಲದೆ ಕುಳಿತ ಹೊತ್ತನ್ನು ಕೂಡಿಟ್ಟುಕೊಂಡು, ಹಿಂಡು ಬಂದಾಗ ಅದನ್ನು ಖರ್ಚು ಮಾಡುವ ಭಾಗ್ಯ ರೂಟರ್‌ಗಿಲ್ಲ. ಕಳೆದ ಕ್ಷಣ ಕಳೆದೇ ಹೋಯಿತು. ಈ ಸಂಗತಿಯನ್ನು ಗಣಿತಕ್ಕೆ ಇಳಿಸುವ ಕೆಲಸ ಆರಂಭವಾದದ್ದು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಅವರಿಂದ, 1909ರಲ್ಲಿ, ಟೆಲಿಫೋನ್ ಕರೆಗಳ ಲೆಕ್ಕ ಹಾಕುವಾಗ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಲಿಯೊನಾರ್ಡ್ ಕ್ಲೈನ್‌ರಾಕ್ ಆ ಗಣಿತವನ್ನು ಸಂದೇಶ ಜಾಲಗಳಿಗೆ ಹೊಂದಿಸಿದರು.

ಸೂತ್ರ ಒಂದೇ ಸಾಲಿನದು, ಆದರೆ ಅದರ ಏಟು ಬಲವಾದದ್ದು: ಪ್ಯಾಕೆಟ್ ಇಳಿಸಲು ಬೇಕಾದ ಸಮಯವನ್ನು ತಂತಿಯ ಖಾಲಿ ಪಾಲಿನಿಂದ ಭಾಗಿಸು. ಸರಾಸರಿ 1,500 ಬೈಟ್‌ಗಳ ಪ್ಯಾಕೆಟ್ ಅನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದ ತಂತಿಗೆ ಇಳಿಸಲು 1.2 ಮಿಲಿಸೆಕೆಂಡು ಬೇಕು. ತಂತಿ ಶೇ. 50ರಷ್ಟು ತುಂಬಿದ್ದರೆ, ಕಾಯುವುದೂ ಸೇರಿ ಪ್ಯಾಕೆಟ್ ಅಲ್ಲಿ ಕಳೆಯುವ ಸರಾಸರಿ ಸಮಯ 2.4 ಮಿಲಿಸೆಕೆಂಡು. ಶೇ. 90 ತುಂಬಿದಾಗ 12. ಶೇ. 99ಕ್ಕೆ ಹೋದರೆ 120. ಕೊನೆಯ ಒಂಬತ್ತು ಪಾಲನ್ನು ಹಿಂಡಿ ತೆಗೆಯಲು ಹೊರಟರೆ ತೆರಬೇಕಾದ ಬೆಲೆ ಹತ್ತು ಪಟ್ಟು. ತಂತಿಯನ್ನು ಪೂರ್ತಿ ಬಳಸದೆ ಖಾಲಿ ಬಿಟ್ಟಿದ್ದಾರೆ ಎಂದು ಜಾಲದ ನಿರ್ವಾಹಕರನ್ನು ದೂರುವವರು ಈ ಮೂರು ಅಂಕಿಗಳನ್ನು ಒಮ್ಮೆ ನೋಡಬೇಕು.

ಪ್ಯಾಕೆಟ್ ತಡವಾಗಲು ಬೇರೆ ಕಾರಣಗಳೂ ಇವೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹತ್ತು ಸಾವಿರ ಕಿಲೋಮೀಟರ್ ದೂರಕ್ಕೆ ಹೋಗಲು 50 ಮಿಲಿಸೆಕೆಂಡು, ಬರಲು ಮತ್ತೆ 50. ಬೆಳಕಿನೊಂದಿಗೆ ಚೌಕಾಸಿ ನಡೆಯುವುದಿಲ್ಲ. ಚೌಕಾಸಿಗೆ ಜಾಗವಿರುವುದು ಸರತಿಯಲ್ಲಿ ಮಾತ್ರ. ಸ್ನಾತಕೋತ್ತರ ಹಂತದ ಜಾಲಶಾಸ್ತ್ರದ ಬಹುಪಾಲು ಈ ಸರತಿಯ ಸುತ್ತಲೇ ಗಿರಕಿ ಹೊಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಷಯಸೂಚಿಯಲ್ಲಿ ಹೆಸರುಗಳು ಬೇರೆ ಬೇರೆ ಇರುತ್ತವೆ, ಅಷ್ಟೇ.

ಸರತಿಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದು 1986ರ ಅಕ್ಟೋಬರ್‌ನಲ್ಲಿ ಜಗಜ್ಜಾಹೀರಾಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಅದರ ನೆರೆಯ ವಿಶ್ವವಿದ್ಯಾಲಯದ ನಡುವಿನ ದೂರ 400 ಗಜ. ಅವೆರಡರ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದ ಸಂಪರ್ಕ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ಎಂಟು ಬಿಟ್‌ಗೆ ಒಂದರಂತೆ ಸೆಕೆಂಡಿಗೆ ಐದು ಅಕ್ಷರ! ಎರಡು ಸಾವಿರ ಅಕ್ಷರಗಳ ಒಂದು ಪುಟ ತಲುಪಲು ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು. ಅದೇ ಪುಟವನ್ನು ಕೈಯಲ್ಲಿ ಹಿಡಿದು ನಡೆದು ಹೊರಟರೆ ಅಷ್ಟರೊಳಗೆ ತಲುಪಿಸಿಬಿಡಬಹುದಿತ್ತು.

ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಎಲ್ಲ ಕಂಪ್ಯೂಟರ್‌ಗಳೂ ನಿಯಮ ಪಾಲಿಸುತ್ತಲೇ ಇದ್ದವು. ಕಳುಹಿಸಿದ ಪ್ಯಾಕೆಟ್‌ಗೆ ತಲುಪಿದ ಸುದ್ದಿ ಬರುವುದು ತಡವಾದರೆ, ಅದು ಕಳೆದುಹೋಯಿತೆಂದು ತಿಳಿದು ಮತ್ತೊಮ್ಮೆ ಕಳುಹಿಸುವುದು ಆಗಿನ ನಿಯಮ. ಆದರೆ ಮೊದಲ ಪ್ಯಾಕೆಟ್ ಕಳೆದುಹೋಗಿರಲಿಲ್ಲ, ಸರತಿಯಲ್ಲಿ ನಿಂತಿತ್ತು. ಈಗ ಅದರ ಹಿಂದೆ ಅದರದ್ದೇ ಪ್ರತಿ ಬಂದು ನಿಂತಿತು. ಸರತಿ ಬೆಳೆಯಿತು, ತಡ ಹೆಚ್ಚಿತು, ಇನ್ನಷ್ಟು ಪ್ರತಿಗಳು ಹೊರಟವು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಹೀಗಾದೀತು ಎಂದು ಜಾಲತಜ್ಞ ಜಾನ್ ನೇಗಲ್ 1984ರಲ್ಲಿಯೇ ಎಚ್ಚರಿಸಿದ್ದರು.

ಇದಕ್ಕೆ ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವನ್ನು ಜಾಲಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಮೂಲದಲ್ಲೇ ಓದುತ್ತಾರೆ. ಜಾಲದ ನಡುವಿನ ರೂಟರ್‌ಗಳನ್ನು ಅವರು ಮುಟ್ಟಲಿಲ್ಲ; ಕಳುಹಿಸುವ ಕಂಪ್ಯೂಟರ್‌ಗಳಿಗೆ ಸಂಯಮ ಕಲಿಸಿದರು. ಪ್ಯಾಕೆಟ್ ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ವೇಗವನ್ನು ಥಟ್ಟನೆ ಅರ್ಧಕ್ಕೆ ಇಳಿಸು. ಎಲ್ಲ ಸರಿಯಿದ್ದರೆ ಒಂದೊಂದೇ ಪ್ಯಾಕೆಟ್‌ನಂತೆ ಏರಿಸು. ಏರುವುದು ಕೂಡುತ್ತಾ, ಇಳಿಯುವುದು ಭಾಗಿಸುತ್ತಾ.

ಈ ಒಂದೇ ಸಮನಲ್ಲದ ಏರಿಳಿತವೇ ಏಕೆ? ಏರುವಾಗ ಕೂಡಿ, ಇಳಿಯುವಾಗ ಕಳೆದರೆ ಆಗದೇ? ಸಂಶೋಧಕರಾದ ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಕೊಟ್ಟ ವಿವರಣೆಯನ್ನು ಕಾಗದ, ಪೆನ್ಸಿಲ್ ಹಿಡಿದು ಯಾರಾದರೂ ಮಾಡಿ ನೋಡಬಹುದು. ನೂರು ಪ್ಯಾಕೆಟ್‌ಗಳು ಹಿಡಿಸುವ ದಾರಿಯಲ್ಲಿ ಇಬ್ಬರಿದ್ದಾರೆ ಎನ್ನಿ. ಒಬ್ಬನದು 80, ಇನ್ನೊಬ್ಬನದು 20. ದಾರಿ ತುಂಬಿತು, ಇಬ್ಬರೂ ಅರ್ಧಕ್ಕಿಳಿದರು: 40 ಮತ್ತು 10. ಮತ್ತೆ ಇಬ್ಬರೂ ಒಂದೊಂದಾಗಿ ಏರಿ ತಲಾ 25 ಸೇರಿಸಿಕೊಂಡರೆ 65 ಮತ್ತು 35. ದಾರಿ ಮತ್ತೆ ತುಂಬಿತು. ಇನ್ನೊಂದು ಸುತ್ತಿನ ನಂತರ 57.5 ಮತ್ತು 42.5. ಅಂತರ 60 ಇದ್ದದ್ದು 30 ಆಯಿತು, 30 ಇದ್ದದ್ದು 15 ಆಯಿತು. ಅರ್ಧ ಮಾಡಿದಾಗ ಹೆಚ್ಚು ಇದ್ದವನು ಹೆಚ್ಚು ಕಳೆದುಕೊಳ್ಳುತ್ತಾನೆ, ಕೂಡುವಾಗ ಇಬ್ಬರೂ ಸಮ. ಇಳಿಯುವಾಗಲೂ ಸಮನಾಗಿ ಕಳೆದಿದ್ದರೆ ಆ ಅರವತ್ತರ ಅಂತರ ಎಂದೆಂದಿಗೂ ಅರವತ್ತೇ. ಇವರಿಬ್ಬರೂ ಪರಸ್ಪರ ಮಾತಾಡಿಲ್ಲ, ಇನ್ನೊಬ್ಬ ಇದ್ದಾನೆಂಬುದೂ ಅವರಿಗೆ ಗೊತ್ತಿಲ್ಲ. ಈ ಲೆಕ್ಕ ಮಾಡಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಗಣಿತ ಇಷ್ಟು ಚೆಲುವಾಗಿ ಒಲಿದ ಮೇಲೆ ಅದರ ಮೇಲೆ ಕುರುಡು ನಂಬಿಕೆ ಬೆಳೆಯುವುದು ಸಹಜ. ಅದಕ್ಕೂ ಮದ್ದಿದೆ. ಎರ್ಲಾಂಗ್ ಕಾಲದ ಸೂತ್ರಗಳು ಮಾತನಾಡುವ ಮನುಷ್ಯರ ಕರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವು. ನಿಮಿಷದ ಏರುಪೇರು ಗಂಟೆಯ ಲೆಕ್ಕದಲ್ಲಿ ಸಮನಾಗಿಬಿಡುತ್ತದೆ ಎಂಬುದು ಅವುಗಳ ಊಹೆ. ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಈಥರ್ನೆಟ್ ಜಾಲದಲ್ಲಿ, ಅಂದರೆ ಕಟ್ಟಡದೊಳಗಿನ ತಂತಿ ಜಾಲದಲ್ಲಿ, ಹರಿದ ಪ್ಯಾಕೆಟ್‌ಗಳನ್ನು ಅಳೆದು ವಿಲ್ ಲೆಲ್ಯಾಂಡ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ್ದು ಬೇರೆಯೇ ಚಿತ್ರ. ಮಿಲಿಸೆಕೆಂಡಿನಲ್ಲಿ ನೋಡಿದರೂ ಉಬ್ಬರ, ನಿಮಿಷಗಳಲ್ಲಿ ನೋಡಿದರೂ ಅದೇ ಬಗೆಯ ಉಬ್ಬರ. ಸಮವಾಗುವ ಮಾತೇ ಇಲ್ಲ. ಹಾಗಾಗಿ ನಿಜ ಜೀವನದ ಸರತಿಗಳು ಸೂತ್ರ ಹೇಳುವುದಕ್ಕಿಂತ ಉದ್ದ ಇರಬಹುದು. ಸಿಮ್ಯುಲೇಟರ್‌ನಲ್ಲಿ ಪುಸ್ತಕದ ಸೂತ್ರದಂತೆ ಪ್ಯಾಕೆಟ್ ಹುಟ್ಟಿಸಿ, ತನ್ನ ಪ್ರೊಟೊಕಾಲ್ (ಸಂವಹನದ ನಿಯಮಾವಳಿ) ಗೆದ್ದಿತೆಂದು ನಕ್ಷೆ ಬರೆಯುವ ಪ್ರಬಂಧಗಳನ್ನು ಕಂಡಾಗ ನನಗೆ ಈ ಅಳತೆಯ ನೆನಪಾಗುತ್ತದೆ. ನಾನೂ ಒಂದು ಸೆಮಿಸ್ಟರ್ ಅಂಥದ್ದೇ ನಕ್ಷೆ ಬರೆದವನು, ಆದ್ದರಿಂದ ಹೆಚ್ಚು ಜೋರು ಮಾಡುವಂತಿಲ್ಲ.

ಆ ಪಾಪವನ್ನು ತೊಳೆದದ್ದು ಒಂದು ಪ್ರಯೋಗ. ಮೆಮೊರಿ ಚಿಪ್ ಅಗ್ಗವಾದಂತೆ ಉಪಕರಣ ತಯಾರಕರು ಪ್ಯಾಕೆಟ್ ಒಂದೂ ಕಳೆದುಹೋಗಬಾರದೆಂದು, ಸರತಿ ನಿಲ್ಲುವ ಜಾಗಗಳಾದ ಬಫರ್‌ಗಳನ್ನು ಹಿಗ್ಗಿಸುತ್ತಾ ಹೋದರು. ಸದುದ್ದೇಶವೇ. ಆದರೆ ಜೇಕಬ್ಸನ್ ವ್ಯವಸ್ಥೆ ವೇಗ ಇಳಿಸಬೇಕಾದರೆ ಪ್ಯಾಕೆಟ್ ಕಳೆದುಹೋಗಲೇಬೇಕು! ಬಫರ್ ದೊಡ್ಡದಾದಷ್ಟೂ ಕೆಟ್ಟ ಸುದ್ದಿ ತಡವಾಗಿ ತಲುಪುತ್ತದೆ. ಅಷ್ಟು ಹೊತ್ತೂ ಸರತಿ ಬೆಳೆಯುತ್ತಲೇ ಇರುತ್ತದೆ. ಜಿಮ್ ಗೆಟಿಸ್ ಇದಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಬಫರಿನ ಹೊಟ್ಟೆಯುಬ್ಬರ ಎನ್ನೋಣ.

ಪ್ರಯೋಗಾಲಯದಲ್ಲಿ ನಾವು ಸೆಕೆಂಡಿಗೆ 1 ಮೆಗಾಬಿಟ್‌ನ ದಾರಿಗೆ 256 ಕಿಲೋಬೈಟ್ ಬಫರ್ ಇಟ್ಟೆವು. ತುಂಬಿದ ಬಫರ್ ಖಾಲಿಯಾಗಲು ಎರಡು ಸೆಕೆಂಡು ಬೇಕೆಂಬುದು ಬಾಯಿಲೆಕ್ಕ. ಒಂದು ಪರದೆಯಲ್ಲಿ ಪಿಂಗ್ ಓಡುತ್ತಿತ್ತು, ಪುಟ್ಟ ಪ್ಯಾಕೆಟ್ ಹೋಗಿ ಬರುವ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತಾ: 20, 21, 20. ಇನ್ನೊಂದರಲ್ಲಿ ದೊಡ್ಡ ಕಡತವೊಂದನ್ನು ಕಳುಹಿಸಲು ಶುರು ಮಾಡಿದೆವು. ಪಿಂಗ್ 90 ಆಯಿತು, 400 ಆಯಿತು, ಸಾವಿರ ದಾಟಿತು, 1,900ರ ಆಚೆ ಹೋಗಿ ಅಲ್ಲೇ ಏದುಸಿರು ಬಿಡುತ್ತಾ ನಿಂತಿತು. ಅಳತೆಯಂತ್ರದ ಪ್ರಕಾರ ದಾರಿಯ ವೇಗ ಮಾತ್ರ ಪೂರ್ತಿ 1 ಮೆಗಾಬಿಟ್, ಎಳ್ಳಷ್ಟೂ ಕುಂದಿಲ್ಲ.

ಆಮೇಲೆ ಕ್ಯಾಥ್ಲೀನ್ ನಿಕೊಲ್ಸ್ ಮತ್ತು ಅದೇ ಜೇಕಬ್ಸನ್ 2012ರಲ್ಲಿ ರೂಪಿಸಿದ ಕೋಡೆಲ್ ಎಂಬ ಕ್ರಮವನ್ನು ಒಂದೇ ಸಾಲಿನ ಆದೇಶದಿಂದ ಚಾಲೂ ಮಾಡಿದೆವು. ಸರತಿ ಎಷ್ಟು ಉದ್ದವಿದೆ ಎಂದು ಅದು ಕೇಳುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ಕೇಳುತ್ತದೆ. ಕಾಯುವಿಕೆ ಸತತ 100 ಮಿಲಿಸೆಕೆಂಡು ಕಾಲ 5 ಮಿಲಿಸೆಕೆಂಡಿಗೆ ಇಳಿಯದೇ ಹೋದರೆ ಬೇಕೆಂದೇ ಒಂದು ಪ್ಯಾಕೆಟ್ ಬಿಸಾಡುತ್ತದೆ. ಬಫರ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ ಸರಿ. ಪಿಂಗ್ ಇಳಿಯತೊಡಗಿತು: 1,200, 500, 140, ಕೊನೆಗೆ ಐವತ್ತರ ಆಸುಪಾಸು. ಕಡತ ಸಾಗುವ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ಪಕ್ಕದ ಮೇಜಿನ ಗೆಳೆಯ ಅದೇ ದಾರಿಯ ಮೇಲೆ ವೀಡಿಯೊ ಕರೆಯಲ್ಲಿದ್ದ. ಎರಡು ನಿಮಿಷದಿಂದ "ಕೇಳಿಸುತ್ತಿದೆಯೇ?" ಎಂದು ಕೂಗುತ್ತಿದ್ದವನು ಈಗ ತಗ್ಗಿದ ದನಿಯಲ್ಲಿ ಹರಟತೊಡಗಿದ್ದ.